ನಕ್ಷತ್ರ ಆರಲಿಲ್ಲ

ನಮ್ಮ ಕಟ್ಟಡದ ತಾರಸಿಯ ಮೂಲೆಯಲ್ಲಿ ಕಬ್ಬಿಣದ ಪೈಪುಗಳ ರಾಶಿಯೊಂದು ಮಲಗಿದೆ. ಅವು ಅಲ್ಲಿಗೆ ಬಂದದ್ದು ಹೇಗೆ, ಬಂದ ಮೇಲೂ ಎದ್ದು ನಿಲ್ಲದೆ ಮಲಗಿಯೇ ಇರುವುದು ಏಕೆ ಎಂಬುದನ್ನು ಬರೆದಿಡುವುದು ಒಳ್ಳೆಯದು. ಏಕೆಂದರೆ ನಮ್ಮ ಅಡ್ಡರಸ್ತೆಯಲ್ಲಿ ಇದರ ಬಗ್ಗೆ ಬೇರೆ ಬೇರೆ ಕಥೆಗಳು ಓಡಾಡುತ್ತಿವೆ. ಒಂದು ಕಥೆಯಲ್ಲಿ ನಾನು ಪಂದ್ಯ ಕಟ್ಟಿ ಸೋತು, ಸೋತ ಮೇಲೆ ಮಾತು ತಪ್ಪಿದವಳು. ಇನ್ನೊಂದರಲ್ಲಿ ಸ್ವಂತ ಅಕ್ಕನ ಮಾನ ತೆಗೆದವಳು. ಮೊದಲನೆಯದು ಸುಳ್ಳು. ಎರಡನೆಯದನ್ನು ಓದುವವರೇ ತೀರ್ಮಾನಿಸಲಿ.

ಎನ್.ಆರ್. ಕಾಲೋನಿಯಲ್ಲಿ ನಮ್ಮದು ನಾಲ್ಕಂತಸ್ತಿನ ಹಳೆಯ ಅಪಾರ್ಟ್‌ಮೆಂಟು. ಲಿಫ್ಟಿಲ್ಲ. ನಾನೂ ಅಕ್ಕನೂ ಎರಡನೇ ಮಹಡಿಯಲ್ಲಿದ್ದೇವೆ. ಅಕ್ಕ ಬಸವನಗುಡಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದಳು. ನಾನು ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು, ಬೇರೆಯವರು ಬರೆದದ್ದನ್ನು ತಿದ್ದಿ ತಿದ್ದಿ ನಿವೃತ್ತಳಾದೆ. ರಾಜಕೀಯ, ಕ್ರೈಂ, ಕ್ರಿಕೆಟ್ಟಿಗೆ ಎಲ್ಲರೂ ಮುಗಿಬೀಳುತ್ತಿದ್ದರು. ವಿಜ್ಞಾನದ ಸುದ್ದಿ ಯಾರಿಗೂ ಬೇಡವಾಗಿ ನನ್ನ ಮೇಜಿಗೆ ಬಂದು ಬೀಳುತ್ತಿತ್ತು. "ನಿಮ್ ಧೂಮಕೇತು ಬಂದಿದೆ ಮೇಡಂ, ಮೂಲೇಲಿ ಜಾಗ ಖಾಲಿ ಇದೆ, ತುಂಬ್ಸಿ" ಎಂದು ಪುಟ ಕಟ್ಟುವವರು ಕೂಗುತ್ತಿದ್ದರು. ತುಂಬಿಸುತ್ತ ತುಂಬಿಸುತ್ತಲೇ ನನಗೆ ಅದರ ರುಚಿ ಹತ್ತಿತು.

ಡೆಸ್ಕಿನಲ್ಲಿ ನನಗೆ ಮೊದಲು ಕಲಿಸಿದ್ದು ಬರೆಯುವುದನ್ನಲ್ಲ, ಫೋನು ಮಾಡುವುದನ್ನು. ಸಂಜೆಯಾಗುತ್ತಲೇ ಪೊಲೀಸ್ ಕಂಟ್ರೋಲ್ ರೂಂ, ಅಗ್ನಿಶಾಮಕ ಠಾಣೆ, ದೊಡ್ಡ ಆಸ್ಪತ್ರೆಗಳಿಗೆ ಒಂದೊಂದಾಗಿ ಫೋನು ಮಾಡಿ ಏನಾದರೂ ಆಗಿದೆಯೇ ಎಂದು ಕೇಳಬೇಕು. ಬಹುತೇಕ ದಿನ ಆ ಕಡೆಯಿಂದ "ಏನೂ ಇಲ್ಲ" ಎಂದೇ ಉತ್ತರ ಬರುತ್ತಿತ್ತು. ಆ "ಏನೂ ಇಲ್ಲ"ವನ್ನೂ ಠಾಣೆಯ ಹೆಸರಿನ ಮುಂದೆ ಬರೆಯಬೇಕು. ಬರೆಯದೆ ಬಿಟ್ಟರೆ, ಕೇಳಿದ ಮೇಲೆ ಏನೂ ಸಿಗಲಿಲ್ಲವೋ ಅಥವಾ ಕೇಳಿಯೇ ಇಲ್ಲವೋ ಎಂಬುದು ಮಾರನೆಯ ದಿನ ಯಾರಿಗೂ ತಿಳಿಯುವುದಿಲ್ಲ. ನನಗೆ ಕಲಿಸಿದ ಹಿರಿಯರು ಖಾಲಿ ಸಾಲು ಕಂಡರೆ ಸಿಡಿಯುತ್ತಿದ್ದರು. "ಏನೂ ಇಲ್ಲ ಅನ್ನೋದೂ ಮಾಹಿತಿನೇ ಕಣಮ್ಮ. ಖಾಲಿ ಬಿಡೋದು ಸೋಮಾರಿತನ" ಎನ್ನುತ್ತಿದ್ದರು.

ಈ ಪಾಠ ನನ್ನನ್ನು ನಿವೃತ್ತಿಯ ನಂತರ ತಾರಸಿಗೆ ಕರೆದುಕೊಂಡು ಹೋಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಸಣ್ಣ ದೂರದರ್ಶಕ ಕೊಂಡೆ. ಬೆಂಗಳೂರಿನ ಬೆಳಕಿನಲ್ಲಿ ಅದರಿಂದ ಚಂದ್ರ, ಗುರು, ಶನಿ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ ಎಂದು ಬೇಗನೆ ತಿಳಿಯಿತು. ಆದರೆ ಒಂದು ಕೆಲಸಕ್ಕೆ ಅದು ಸಾಕು ಎಂದು ಹೇಳಿಕೊಟ್ಟವರು ಮಲ್ಲೇಶ್ವರದ ಒಬ್ಬ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಆ ಕೆಲಸ ಕ್ಷುದ್ರಗ್ರಹಗಳ ನೆರಳು ಹಿಡಿಯುವುದು.

ನಕ್ಷತ್ರದ ಬೆಳಕು ಬಹಳ ದೂರದಿಂದ ಬರುತ್ತದೆ. ಅದರ ದಾರಿಗೆ ಕ್ಷುದ್ರಗ್ರಹವೊಂದು ಅಡ್ಡ ಬಂದರೆ, ನೆರಳು ಭೂಮಿಯ ಮೇಲೆ ಹೆಚ್ಚೂ ಕಡಿಮೆ ಆ ಕಲ್ಲಿನ ಅಳತೆಯಲ್ಲೇ ಬೀಳುತ್ತದೆ. ಆ ನೆರಳು ಊರು, ಕೆರೆ, ಹೊಲಗಳ ಮೇಲೆ ಸರ್ರನೆ ಹಾದುಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅದೇ ನಕ್ಷತ್ರವನ್ನು ನೋಡುತ್ತಿರುವವರಿಗೆ ಅದು ಕೆಲವು ಸೆಕೆಂಡು ಪೂರ್ತಿ ಆರಿ, ಮತ್ತೆ ಹತ್ತಿಕೊಳ್ಳುತ್ತದೆ. ಬೇರೆ ಬೇರೆ ಕಡೆ ನಿಂತವರು ಆರಿದ್ದು ಯಾವಾಗ, ಹತ್ತಿದ್ದು ಯಾವಾಗ ಎಂದು ಅಳೆದು, ಲೆಕ್ಕ ಕೂಡಿಸುವ ಖಗೋಳದವರಿಗೆ ಕಳಿಸಿದರೆ, ಅವನ್ನು ಒಂದರ ಕೆಳಗೊಂದು ಗೆರೆಗಳಾಗಿ ಇಟ್ಟು ಆ ಕಲ್ಲಿನ ಆಕಾರವನ್ನೇ ಬರೆಯಬಹುದು. ಎಂಥ ದೊಡ್ಡ ದೂರದರ್ಶಕಕ್ಕೂ ಚುಕ್ಕಿಯಾಗಿಯೇ ಕಾಣುವ ವಸ್ತುವಿಗೆ ಹೀಗೆ ಮುಖ ಮೂಡುತ್ತದೆ.

ಇದು ಹವ್ಯಾಸಿಗಳ ಕಾಲಹರಣವಲ್ಲ. ಶನಿಗಿರುವಂಥ ಉಂಗುರಗಳು ಪುಟ್ಟ ಕಾಯಗಳಿಗೂ ಇವೆ ಎಂದು ಗೊತ್ತಾದದ್ದು ಹೀಗೆಯೇ. ನಕ್ಷತ್ರ ಆರುವ ಮೊದಲೂ ಹತ್ತಿದ ನಂತರವೂ ಯಾರೂ ನಿರೀಕ್ಷಿಸದ ಹಾಗೆ ಅದು ಒಂದೊಂದು ಸಲ ಕ್ಷಣಮಾತ್ರ ಮಂಕಾಯಿತು. ಈಚೆಗೆ ನೆಪ್ಚೂನಿನಿಂದಾಚೆಯ ಒಂದು ಕಾಯಕ್ಕೆ, ಅದರಿಂದ ಬಹಳ ದೂರದಲ್ಲಿ ಉಂಗುರ ಸಿಕ್ಕಿತು. ಅಷ್ಟು ದೂರದಲ್ಲಿ ಉಂಗುರ ಉಳಿಯಲಾರದು, ಚೂರುಗಳೆಲ್ಲ ಕೂಡಿಕೊಂಡು ಚಂದ್ರನಾಗಿಬಿಡಬೇಕು ಎಂದು ಪಠ್ಯಪುಸ್ತಕ ಹೇಳುತ್ತಿತ್ತು. ಉಂಗುರ ಪಠ್ಯಪುಸ್ತಕ ಓದಿರಲಿಲ್ಲ.

ಮೇಷ್ಟ್ರು ನನಗೆ ಹೇಳಿದ ಮೊದಲ ನಿಯಮವೇ ನನ್ನನ್ನು ಈ ಕೆಲಸಕ್ಕೆ ಅಂಟಿಸಿದ್ದು. ನಕ್ಷತ್ರ ಆರಿದ್ದನ್ನು ಕಂಡವರು ಮಾತ್ರವಲ್ಲ, ಕಾಣದವರೂ ವರದಿ ಕಳಿಸಬೇಕು. "ಆರಲಿಲ್ಲ" ಎಂದ ಕಡೆ ಕಲ್ಲು ಇರಲಿಲ್ಲ. ಕಲ್ಲು ಎಲ್ಲಿ ಮುಗಿಯಿತು ಎಂದು ತೋರಿಸುವುದು ಅಂಥವರೇ. ಇದನ್ನು ಕೇಳಿದಾಗ ನನಗೆ ಡೆಸ್ಕಿನ ಹಿರಿಯರ ಸಿಡುಕು ನೆನಪಾಗಿ ನಗು ಬಂತು.

ಈಗ ಅಧ್ಯಕ್ಷರ ವಿಷಯ. ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು ಮೊದಲನೇ ಮಹಡಿಯವರು. ಮಾಗಡಿ ಕಡೆಯ ಬೇಸಾಯದ ಮನೆತನ. ಕಾಟನ್‌ಪೇಟೆಯಲ್ಲಿ ಪೈಪು, ತಗಡಿನ ಶೀಟುಗಳ ಸಗಟು ಅಂಗಡಿ. ಜೋರು ದನಿ, ಒಳ್ಳೆಯ ಮನಸ್ಸು. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಕಾರು ತೆಗೆಯುವವರು ಅವರೇ. ನನ್ನನ್ನು ಕಂಡರೆ ಅವರಿಗೆ ತಮಾಷೆ.

ಹೋದ ವರ್ಷ ಒಂದು ಕ್ಷುದ್ರಗ್ರಹದ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಇನ್ನು ಕೆಲವು ವರ್ಷಕ್ಕೆ ಅದು ಭೂಮಿಗೆ ಬಡಿಯುವ ಸಾಧ್ಯತೆ ಮೊದಲು ನೂರಕ್ಕೆ ಒಂದರಷ್ಟಿತ್ತು, ಆಮೇಲೆ ಮೂರರ ಆಸುಪಾಸಿಗೆ ಏರಿತು, ಆಮೇಲೆ ಕೆಲವೇ ದಿನಗಳಲ್ಲಿ ಇಲ್ಲವೆನ್ನುವಷ್ಟಕ್ಕೆ ಇಳಿಯಿತು. ಮೆಟ್ಟಿಲ ಹತ್ತಿರ ಅಧ್ಯಕ್ಷರು ನನ್ನನ್ನು ಹಿಡಿದರು.

"ಏನ್ ಮೇಡಂ, ನಿಮ್ ಕಲ್ಲು ಕೈ ಕೊಡ್ತಲ್ಲ! ಟೀವೀಲಿ ಏನ್ ಬಿಲ್ಡಪ್ಪು! ಕಡೆಗೆ ಠುಸ್. ಸೈಂಟಿಸ್ಟ್‌ಗಳೂ ನಮ್ ರಾಜಕಾರಣಿಗಳ ಥರಾನೇ, ಬೆಳಗ್ಗೆ ಒಂದು ಸಾಯಂಕಾಲ ಒಂದು."

"ನಿಮ್ಮ ಕನ್ನಡಕ ಕಳೆದುಹೋಗಿದೆ ಅಂದ್ಕೊಳ್ಳಿ" ಎಂದೆ. "ಮನೇಲಿ ನಾಲ್ಕು ರೂಮು. ಎರಡರಲ್ಲಿ ಹುಡುಕಿದ್ರಿ, ಸಿಗ್ಲಿಲ್ಲ. ಈಗ ಮೂರನೇ ರೂಮಲ್ಲಿ ಇರೋ ಚಾನ್ಸ್ ಜಾಸ್ತಿ ಆಯ್ತೋ ಇಲ್ವೋ?"

"ಆಯ್ತು."

"ಅಲ್ಲೂ ಹುಡುಕಿದ್ರಿ, ಅಲ್ಲೂ ಇಲ್ಲ. ಚಾನ್ಸ್ ಸೊನ್ನೆ. ಜಾಸ್ತಿ ಆಗಿದ್ದೂ ಹುಡುಕಿದ್ದಕ್ಕೆ, ಸೊನ್ನೆ ಆಗಿದ್ದೂ ಹುಡುಕಿದ್ದಕ್ಕೆ. ಯಾರೂ ಮಾತು ಬದಲಾಯಿಸ್ಲಿಲ್ಲ."

ಅವರು ತಲೆಯ ಮೇಲಿದ್ದ ಕನ್ನಡಕ ಮುಟ್ಟಿ ನೋಡಿಕೊಂಡು, "ನಿಮ್ ಹತ್ರ ಮಾತಾಡಿ ಗೆಲ್ಲೋಕಾಗಲ್ಲ ಬಿಡಿ" ಎಂದು ಹೊರಟುಹೋದರು.

ಜಗಳ ಶುರುವಾದದ್ದು ಈ ವರ್ಷ. ನಮ್ಮ ತಲೆಯ ಮೇಲಿನ ಮನೆ, ಮೂರನೇ ಮಹಡಿಯದು, ಒಬ್ಬ ಬ್ಯಾಂಕ್ ಉದ್ಯೋಗಿಯದು. ನಲವತ್ತರ ಹತ್ತಿರದ ಹೆಣ್ಣುಮಗಳು, ತಾಯಿಯ ಜೊತೆ ಇದ್ದಾರೆ. ಹೋದ ಮಳೆಗಾಲದಲ್ಲಿ ಅವರ ಮಲಗುವ ಕೋಣೆಯ ಚಾವಣಿ ಸೋರಿ, ಗೋಡೆಯೆಲ್ಲ ಬೂಷ್ಟು ಹಿಡಿದಿತ್ತು. ಅವರ ಕಷ್ಟ ನಿಜ. ಅದಕ್ಕೆ ಅಧ್ಯಕ್ಷರು ಕಂಡುಕೊಂಡ ಪರಿಹಾರವೆಂದರೆ ಇಡೀ ತಾರಸಿಗೆ ಪೈಪು ನಿಲ್ಲಿಸಿ ಶೀಟು ಹೊದಿಸುವುದು. ಮಳೆಯೂ ಬೀಳುವುದಿಲ್ಲ, ಬಿಸಿಲೂ ಕಾಯುವುದಿಲ್ಲ, ನಾಮಕರಣ ಸತ್ಯನಾರಾಯಣ ಪೂಜೆಗಳಿಗೆ ಛತ್ರ ಹುಡುಕುವುದೂ ಬೇಡ. ಶೀಟು ಅವರ ಅಂಗಡಿಯಿಂದ, ಲಾಭವಿಲ್ಲದೆ.

ತಾರಸಿ ಎಲ್ಲ ಮನೆಗಳಿಗೂ ಸೇರಿದ್ದು. ಅಲ್ಲಿ ಏನು ಕಟ್ಟಬೇಕಾದರೂ ಎಲ್ಲ ಮಾಲೀಕರ ಸಹಿ ಬೇಕು. ನಮ್ಮ ಮನೆ ಅಕ್ಕನ ಮತ್ತು ನನ್ನ ಇಬ್ಬರ ಹೆಸರಿನಲ್ಲಿದೆ. ಬೇಸಿಗೆಯ ಮೊದಲ ಸಭೆ ಸೇರುವ ಹೊತ್ತಿಗೆ ನಮ್ಮಿಬ್ಬರದು ಬಿಟ್ಟು ಎಲ್ಲ ಸಹಿಗಳೂ ಬಿದ್ದಿದ್ದವು.

ಸಭೆ ನಡೆದದ್ದು ಕೆಳಗಿನ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ನಾನು ನನ್ನ ಮಾತು ನೇರವಾಗಿ ಹೇಳಿದೆ. ಸೋರಿಕೆ ನಿಲ್ಲಿಸಲು ಶೀಟು ಬೇಡ, ತಾರಸಿಯ ನೆಲ ಕೆರೆದು ನೀರು ಇಳಿಯದ ಲೇಪನ ಹಾಕಿಸಿದರೆ ಸಾಕು. ಶೀಟು ಹಾಕಿದರೆ ಆಕಾಶ ಹೋಗುತ್ತದೆ. ನಾನು ಸಹಿ ಹಾಕುವುದಿಲ್ಲ.

"ಆಕಾಶಾನ ಯಾರ್ ತಗೊಂಡ್ ಹೋಗ್ತಾರೆ ಮೇಡಂ? ರೋಡಲ್ಲಿ ನಿಂತ್ಕೊಂಡ್ ನೋಡಿ" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

"ರೋಡಲ್ಲಿ ದೀಪ ಇದೆ, ಮರ ಇದೆ, ನಿಮ್ಮ ಕಾರಿದೆ" ಎಂದೆ.

ಅಕ್ಕ ತನ್ನ ಕಾರಣ ಸೇರಿಸಿದಳು. "ಶೀಟ್ ಹಾಕಿದ್ರೆ ಸಂಡಿಗೆ ಎಲ್ ಒಣಗ್ಸೋದು? ನಿಮ್ ಅಂಗಡೀಲಾ?"

ಆಗ ಮಾತು ಹೇಗೋ ನೆರಳಿನ ಕಡೆ ತಿರುಗಿತು. ಆ ತಿಂಗಳ ಕೊನೆಗೆ ಒಂದು ಕ್ಷುದ್ರಗ್ರಹದ ನೆರಳು ಬೆಂಗಳೂರಿನ ಮೇಲೆ ಹಾದುಹೋಗಲಿದೆ ಎಂದು ಲೆಕ್ಕ ಹೇಳಿತ್ತು. ನಾನು ಅದಕ್ಕೆ ಸಿದ್ಧವಾಗುತ್ತಿರುವುದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಕುರ್ಚಿಯಿಂದ ಎದ್ದೇ ನಿಂತರು.

"ಸರಿ, ಒಂದ್ ಕೆಲ್ಸ ಮಾಡಣ. ಆ ಕಲ್ಲಿನ ನೆರಳು ನಮ್ ಬಿಲ್ಡಿಂಗ್ ಮೇಲೆ ಬಿತ್ತು ಅಂದ್ರೆ, ಶೀಟ್ ಮಾತು ಎತ್ತಲ್ಲ. ನಮ್ ತಾಯಾಣೆ. ಬೀಳ್ಲಿಲ್ಲ ಅಂದ್ರೆ ನೀವು ಸೈನ್ ಹಾಕ್ಬೇಕು. ಏನಂತೀರಾ?"

ಚಪ್ಪಾಳೆ ಬಿತ್ತು. ನಾನು ಅಂದದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ.

"ಒಪ್ಪಲ್ಲ. ನೆರಳು ಎಲ್ಲಿ ಬೀಳುತ್ತೆ ಅನ್ನೋದು ನನ್ ಕೈಲಿಲ್ಲ. ಸಹಿ ನನ್ ಕೈಲಿದೆ. ಎರಡನ್ನೂ ಗಂಟು ಹಾಕ್ಬೇಡಿ."

ಆದರೆ ಚಪ್ಪಾಳೆಯ ಸದ್ದಿನಲ್ಲಿ ಅದು ಕೇಳಬೇಕಾದವರಿಗೆ ಕೇಳಲಿಲ್ಲ, ಅಥವಾ ಅವರಿಗೆ ಕೇಳುವುದು ಬೇಕಿರಲಿಲ್ಲ. ಪಂದ್ಯ ನಿಶ್ಚಯವಾಯಿತು ಎಂದೇ ಎಲ್ಲರೂ ಎದ್ದುಹೋದರು. ಅಧ್ಯಕ್ಷರಿಗೆ ಎಷ್ಟು ಭರವಸೆಯೆಂದರೆ ಮುಂದಿನ ವಾರವೇ ಪೈಪುಗಳು ಬಂದು ತಾರಸಿಯ ಮೂಲೆ ಸೇರಿದವು.

ನಾನು ಮೆಟ್ಟಿಲ ಗೋಡೆಗೆ ಒಂದು ಸೂಚನೆ ಅಂಟಿಸಿದೆ. ಇಂಥ ದಿನ, ರಾತ್ರಿಯ ಊಟದ ಹೊತ್ತಿಗೆ, ನಕ್ಷತ್ರವೊಂದಕ್ಕೆ ಕ್ಷುದ್ರಗ್ರಹ ಅಡ್ಡ ಬಂದು ಕೆಲವು ಸೆಕೆಂಡಿನ ಗ್ರಹಣ ಆಗಬಹುದು. ಬರುವವರು ತಾರಸಿಗೆ ಬನ್ನಿ. ನೆರಳಿನ ದಕ್ಷಿಣದ ಅಂಚು ನಮ್ಮ ಹತ್ತಿರವೇ ಇರುವುದರಿಂದ ಕಾಣದೆಯೂ ಹೋಗಬಹುದು. ಈ ಕೊನೆಯ ಸಾಲನ್ನು ದಪ್ಪಗೆ ಬರೆದಿದ್ದೆ. ಅದನ್ನು ಯಾರೂ ಓದಲಿಲ್ಲ. ಗ್ರಹಣ ಎಂಬುದನ್ನು ಮಾತ್ರ ಎಲ್ಲರೂ ಓದಿದರು.

ಮಾರನೆಯ ಬೆಳಿಗ್ಗೆ ನೆಲಮಹಡಿಯ ಪಂಚಾಂಗದ ರಾಯರು ಬಾಗಿಲು ತಟ್ಟಿದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಶುಭಕಾರ್ಯವಾದರೂ ದಿನ ನೋಡಿಕೊಡುವವರು ಅವರು.

"ಅಲ್ಲಮ್ಮ, ಪಂಚಾಂಗದಲ್ಲಿ ಇಂಥಾ ಗ್ರಹಣಾನೇ ಕೊಟ್ಟಿಲ್ವಲ್ಲ. ಯಾವ ನಕ್ಷತ್ರಕ್ಕೆ?"

ಅದು ಅಶ್ವಿನಿ ಭರಣಿಗಳ ಸಾಲಿನದಲ್ಲ, ಬರಿಗಣ್ಣಿಗೆ ಕಾಣುವುದೂ ಇಲ್ಲ, ಬೈನಾಕ್ಯುಲರಿನಲ್ಲಿ ಕಷ್ಟಪಟ್ಟರೆ ಸಿಗುವ ನಕ್ಷತ್ರ ಎಂದೆ.

"ಹಂಗಾದ್ರೆ ಯಾರ ಜನ್ಮನಕ್ಷತ್ರಕ್ಕೂ ದೋಷ ಇಲ್ಲ. ಊಟ ಮಾತ್ರ ಮುಂಚೆ ಮುಗಿಸ್ಬಿಡೋಕೆ ಹೇಳ್ತೀನಿ. ಯಾಕ್ ಬೇಕು."

"ರಾಯರೇ, ಇದಕ್ಕೆ ಅದೆಲ್ಲ ಏನೂ ಬೇಡ."

"ನೀವು ನಿಮ್ ಸೂಚನೆ ಹಾಕಿದೀರಿ. ನಾನು ನಂದು ಹೇಳ್ತೀನಿ" ಎಂದು ಹೊರಟರು.

ಆ ದಿನ ಇಡೀ ಕಟ್ಟಡ ಗ್ರಹಣಕ್ಕೆ ಮಾಡುವುದನ್ನೆಲ್ಲ ಮಾಡಿತು. ಕತ್ತಲಾಗುವ ಮೊದಲೇ ಊಟ ಮುಗಿಸಿ ಪಾತ್ರೆ ಬೋರಲು ಹಾಕಿದರು. ಕುಡಿಯುವ ನೀರಿನ ಮೇಲೆ ದರ್ಭೆ ಬಿತ್ತು. ನಮ್ಮ ಮನೆಯಲ್ಲೇ ಅಕ್ಕ ಉಪ್ಪಿನಕಾಯಿಯ ಜಾಡಿಗಳ ಮೇಲೂ, ಒಣಗಿಸಿ ಡಬ್ಬಿಗೆ ತುಂಬಿಸಿದ್ದ ಸಂಡಿಗೆಯ ಮೇಲೂ ಒಂದೊಂದು ಎಳೆ ಇಟ್ಟಿದ್ದಳು.

"ಗಣಿತದ ಮೇಡಂ ಅಂತೆ" ಎಂದೆ.

"ಇರ್ಲಿ ಬಿಡೆ, ದರ್ಭೆ ಏನ್ ನಿನ್ ಟೆಲಿಸ್ಕೋಪಿಗೆ ಅಡ್ಡ ಬರತ್ತಾ?"

ಅಡ್ಡ ಬರಲಿಲ್ಲ. ಬದಲಿಗೆ ಸಹಾಯವೇ ಆಯಿತು. ನಾನು ವರ್ಷಗಟ್ಟಲೆ ಬೇಡಿಕೊಂಡರೂ ಆರದ ಅಡುಗೆಮನೆಯ ದೀಪಗಳು, ಬಾಲ್ಕನಿಯ ದೀಪಗಳು ಅಂದು ತಾವಾಗಿಯೇ ಆರಿದ್ದವು. ನೆರಳನ್ನು ನೋಡಲು ನನಗೆ ಸಿಕ್ಕ ಅತಿ ಕಪ್ಪು ಆಕಾಶವನ್ನು ಕೊಟ್ಟದ್ದು ಪಂಚಾಂಗದ ರಾಯರು. ಅವರಿಗೆ ಇದನ್ನು ಹೇಳಿದ್ದೇನೆ. ಅವರು ಅದನ್ನು ತಮ್ಮ ಗೆಲುವೆಂದೇ ತಿಳಿದಿದ್ದಾರೆ.

ಕತ್ತಲಲ್ಲಿ ಒಬ್ಬೊಬ್ಬರಾಗಿ ತಾರಸಿಗೆ ಬಂದರು. ಅಧ್ಯಕ್ಷರು ಪೈಪಿನ ರಾಶಿಯ ಮೇಲೆ ಕೂತರು. ಮೂರನೇ ಮಹಡಿಯ ಬ್ಯಾಂಕಿನವರು ಗೋಡೆಗೆ ಒರಗಿ ಕೈ ಕಟ್ಟಿ ನಿಂತರು. ಅವರಿಗೆ ನಕ್ಷತ್ರ ಆರುವುದು ಬೇಕಿರಲಿಲ್ಲ. ಆರಿದರೆ ಅವರ ಚಾವಣಿ ಇನ್ನೊಂದು ಮಳೆಗಾಲ ಸೋರುತ್ತದೆ ಎಂದು ಅವರು ನಂಬಿದ್ದರು. ಅಕ್ಕ ನನ್ನ ಬೈನಾಕ್ಯುಲರ್ ಹಿಡಿದು ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂತಳು. ನಕ್ಷತ್ರ ಯಾವುದೆಂದು ಅವಳಿಗೆ ತೋರಿಸಿಕೊಟ್ಟಿದ್ದೆ. ನಾನು ದೂರದರ್ಶಕಕ್ಕೆ ಸಿಕ್ಕಿಸಿದ ಸಣ್ಣ ಕ್ಯಾಮೆರಾದ ಅಂಗೈಯಗಲದ ಪರದೆಯನ್ನು ನೋಡುತ್ತಿದ್ದೆ. ಕ್ಯಾಮೆರಾ ಎಲ್ಲವನ್ನೂ ಗಡಿಯಾರದ ಸಮೇತ ದಾಖಲಿಸಿಕೊಳ್ಳುತ್ತಿತ್ತು. ನಕ್ಷತ್ರವನ್ನು ಕಾಣುತ್ತಿದ್ದವರು ನಾವಿಬ್ಬರೇ. ಉಳಿದವರು ನಮ್ಮನ್ನು ನೋಡುತ್ತಿದ್ದರು.

"ಎಷ್ಟೊತ್ತು ಮೇಡಂ?" ಎಂದರು ಅಧ್ಯಕ್ಷರು.

"ಸುಮ್ನಿರಿ ಸ್ವಲ್ಪ."

ಲೆಕ್ಕ ಹೇಳಿದ ಹೊತ್ತು ಬಂತು. ಪರದೆಯ ಮೇಲೆ ನಕ್ಷತ್ರ ಹಾಗೇ ಇತ್ತು. ಗಾಳಿಗೆ ಸ್ವಲ್ಪ ನಡುಗಿತು, ಆರಲಿಲ್ಲ. ಹೊತ್ತು ಕಳೆಯಿತು. ಆಗ ನನ್ನ ಬೆನ್ನ ಹಿಂದೆ ಅಕ್ಕನ ದನಿ ಕೇಳಿತು.

"ಆರಿತು! ಆರಿತು ಕಣೇ! ಈಗ ಬಂತು ನೋಡು, ವಾಪಸ್ ಬಂತು!"

ತಾರಸಿಯಲ್ಲಿ ಗದ್ದಲವೆದ್ದಿತು. ಯಾರೋ ಶಿಳ್ಳೆ ಹಾಕಿದರು. ಅಧ್ಯಕ್ಷರು ಪೈಪುಗಳ ಮೇಲಿಂದ ಎದ್ದು ಎರಡೂ ಕೈ ಜೋಡಿಸಿದರು. "ಸೋತೆ ಕಣ್ರಪ್ಪ, ಸೋತೆ. ಮೇಷ್ಟ್ರಮ್ಮ ಕಣ್ಣಾರೆ ನೋಡಿದಾರೆ. ಶೀಟ್ ಕ್ಯಾನ್ಸಲ್!" ಅವರ ದನಿಯಲ್ಲಿ ಕಹಿ ಇರಲಿಲ್ಲ. ಮಾತಿಗೆ ನಿಲ್ಲುವ ಮನುಷ್ಯ ಅವರು. ಬ್ಯಾಂಕಿನವರು ಮೆಟ್ಟಿಲ ಕಡೆ ತಿರುಗಿದರು.

ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾದದ್ದೇ ಇರಲಿಲ್ಲ. ತಾರಸಿ ನನ್ನದಾಗುತ್ತಿತ್ತು.

"ಒಂದ್ನಿಮಿಷ ನಿಲ್ಲಿ" ಎಂದೆ. ದಾಖಲೆಯನ್ನು ಹಿಂದಕ್ಕೆ ಓಡಿಸಿ, ಆ ಹೊತ್ತಿನ ಆಚೀಚೆ ಎರಡು ಸಲ ನೋಡಿದೆ. ನಕ್ಷತ್ರ ಒಂದು ಚಿತ್ರದಲ್ಲೂ ತಪ್ಪಿರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಆರಿಲ್ಲ. ನೆರಳು ನಮ್ಮ ಮೇಲೆ ಬಿದ್ದಿಲ್ಲ."

"ನಾನ್ ನೋಡ್ದೆ ಅಂತಿದೀನಲ್ಲ" ಎಂದಳು ಅಕ್ಕ.

"ನೀನ್ ನೋಡಿದ್ದು ತಪ್ಪು. ಬನ್ನಿ, ಯಾರು ಬೇಕಾದ್ರೂ ನೋಡಿ."

ಒಬ್ಬೊಬ್ಬರೇ ಬಂದು ಬಗ್ಗಿ ನೋಡಿದರು. ಅಕ್ಕ ಬೈನಾಕ್ಯುಲರನ್ನು ಟ್ಯಾಂಕಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಕೆಳಗಿಳಿದಳು. ಅಷ್ಟು ವರ್ಷ ಸಾವಿರಾರು ಮಕ್ಕಳ ಉತ್ತರ ತಿದ್ದಿದವಳ ಉತ್ತರವನ್ನು ನಾನು ಎಲ್ಲರೆದುರು ತಪ್ಪೆಂದಿದ್ದೆ. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು.

ಅಧ್ಯಕ್ಷರು ಜೇಬಿನಿಂದ ಪೆನ್ನು ತೆಗೆದರು. "ಹಂಗಾದ್ರೆ ನಾನೇ ಗೆದ್ದೆ. ಹಾಕಿ ಮೇಡಂ ಸೈನು."

"ಹಾಕಲ್ಲ."

"ಇದೇನ್ರೀ ಇದು! ನೀವೇ ಹೇಳಿದ್ರಿ ಬಿದ್ದಿಲ್ಲ ಅಂತ!"

"ಬಿದ್ದಿಲ್ಲ. ಅದು ಸುದ್ದಿ. ಸಹಿ ಹಾಕಲ್ಲ. ಇದು ನನ್ನ ತೀರ್ಮಾನ. ಪಂದ್ಯ ಕಟ್ಟಿದ್ದು ನೀವೊಬ್ರೇ. ನಾನು ಅವತ್ತೇ ಒಪ್ಪಲ್ಲ ಅಂದಿದ್ದೆ."

"ಪೇಪರ್‌ನವ್ರ ಬುದ್ಧಿ ತೋರ್ಸಿದ್ರಿ ನೋಡಿ" ಎಂದಿತು ಕತ್ತಲಲ್ಲಿ ಒಂದು ದನಿ.

ಆಗ ಪಂಚಾಂಗದ ರಾಯರು ಕೆಮ್ಮಿದರು. "ಹಾಗನ್ಬೇಡಿ. ಅವತ್ತು ನಾನು ಪಕ್ಕದ್ ಕುರ್ಚೀಲೇ ಇದ್ದೆ. ಎರಡನ್ನೂ ಗಂಟು ಹಾಕ್ಬೇಡಿ ಅಂದ್ರು. ನೀವೆಲ್ಲ ಚಪ್ಪಾಳೆ ಹೊಡೀತಿದ್ರಿ." ಇದು ನನ್ನ ಮೇಲಿನ ಪ್ರೀತಿಯಿಂದ ಬಂದ ಮಾತಲ್ಲ, ಅವರೂ ಶೀಟಿಗೆ ಸಹಿ ಹಾಕಿದವರೇ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರು, ಅಷ್ಟೇ. ಒಳ್ಳೆಯ ಸಾಕ್ಷಿ ಎಂದರೆ ಅದು.

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. "ಅಲ್ಲಾ ಮೇಡಂ, ನಂಗೊಂದ್ ಅರ್ಥ ಆಗ್ತಿಲ್ಲ. ಗೆದ್ದೇಬಿಟ್ಟಿದ್ರಲ್ಲ. ಸುಮ್ನಿರೋಕೇನಾಗಿತ್ತು?"

"ಆರದಿರೋ ನಕ್ಷತ್ರಾನ ಆರಿತು ಅಂತ ಕಳ್ಸಿದ್ರೆ, ಇಲ್ಲದಿರೋ ಕಲ್ಲನ್ನ ನಾನು ಇದೆ ಅಂದ ಹಾಗೆ. ತಾರಸಿ ಉಳಿಸ್ಕೊಳ್ಳೋದು ಇಲ್ಲಿ ನಿಂತು ಸರಿಯಾಗಿ ನೋಡೋದಕ್ಕೆ. ತಪ್ಪು ನೋಡೋದಕ್ಕೆ ತಾರಸಿ ಯಾಕೆ ಬೇಕು?"

ಇದಕ್ಕೆ ಉತ್ತರ ಕೊಟ್ಟದ್ದು ಬ್ಯಾಂಕಿನವರು. "ನೀವು ಸುಳ್ಳು ಹೇಳಲ್ಲ ಅಂತ ಗೊತ್ತಾಯ್ತು ಮೇಡಂ. ಆದ್ರೆ ಅದ್ರಿಂದ ನನ್ ಸೀಲಿಂಗ್ ಒಣಗಲ್ಲ."

ಅದು ಸರಿಯಾದ ಮಾತು. ಮಾರನೆಯ ದಿನ ಅವರ ಮನೆಗೆ ಹೋಗಿ ಬೂಷ್ಟು ಹಿಡಿದ ಗೋಡೆಯನ್ನು ನೋಡಿದೆ. ಮೊದಲೇ ನೋಡಬೇಕಿತ್ತು. ಲೇಪನ ಹಾಕುವವರನ್ನು ನಾನೇ ಕರೆತರುತ್ತೇನೆ, ಅವರ ಮನೆಯ ಮೇಲಿನ ಭಾಗದಿಂದಲೇ ಕೆಲಸ ಶುರುವಾಗಲಿ, ಸೋರಿದರೆ ಮೊದಲು ನನ್ನ ಬಾಗಿಲು ತಟ್ಟಿ ಎಂದೆ. "ಸೋರಿದ್ರೆ ಸೈನ್ ಹಾಕ್ತೀರಾ?" ಎಂದರು. "ಇಲ್ಲ, ಇನ್ನೊಂದ್ ಸಲ ಹಾಕಿಸ್ತೀನಿ" ಎಂದೆ. ಅವರು ನಗಲಿಲ್ಲ, ಆದರೆ ಬಾಗಿಲನ್ನೂ ಹಾಕಿಕೊಳ್ಳಲಿಲ್ಲ.

ಅಕ್ಕ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಟ್ಟೆಗೆ ಅನ್ನ ಬಡಿಸುತ್ತ, "ನಿಂಗೋಸ್ಕರ ಹೇಳಿದ್ದು ಅಂತ ತಿಳ್ಕೋಬೇಡ. ಸಂಡಿಗೆಗೋಸ್ಕರ" ಎಂದಳು.

"ಗೊತ್ತು. ಹಾಗಾದ್ರೆ ಆರಿದ್ದು ನೋಡ್ಲಿಲ್ಲ ನೀನು?"

"ರೆಪ್ಪೆ ಹೊಡೆದಾಗ ಒಂದ್ಸಲ ಕಾಣ್ಲಿಲ್ಲ. ಅಷ್ಟು ಸಾಕಿತ್ತಲ್ಲೇ ನಿಂಗೆ. ಅಷ್ಟನ್ನಾದ್ರೂ ಇಟ್ಕೋಬಾರ್ದಿತ್ತಾ?"

ಇಟ್ಟುಕೊಳ್ಳಬಾರದಿತ್ತು ಎಂದೇ ಈಗಲೂ ನನ್ನ ಅಭಿಪ್ರಾಯ. ಅವಳದು ಬೇರೆ. ಅವಳೂ ಸಹಿ ಹಾಕಿಲ್ಲ ಎಂಬುದನ್ನು ಇಲ್ಲಿ ಸೇರಿಸುತ್ತೇನೆ.

ವರದಿಯಲ್ಲಿ ನಮ್ಮ ತಾರಸಿಯ ಸ್ಥಳ ಬರೆದು, ಮುಂದೆ "ಆರಲಿಲ್ಲ" ಎಂದು ಬರೆದು ಕಳಿಸಿದೆ. ಆಮೇಲೆ ಮಲ್ಲೇಶ್ವರದ ಮೇಷ್ಟ್ರ ಫೋನು ಬಂತು. ಸಂಪಿಗೆ ರಸ್ತೆಯ ಹತ್ತಿರದ ಅವರ ತಾರಸಿಯಲ್ಲಿ, ಅಂಗಡಿ ಬೀದಿಯ ಬೆಳಕಿನ ನಡುವೆಯೇ, ನಕ್ಷತ್ರ ಆರಿತ್ತು. ಬಹಳ ಸ್ವಲ್ಪ ಹೊತ್ತು, ಕಲ್ಲಿನ ತುದಿ ಮಾತ್ರ ಸವರಿಕೊಂಡು ಹೋದಷ್ಟು. ಉತ್ತರದ ಊರುಗಳಲ್ಲಿದ್ದವರಿಗೆ ಇನ್ನೂ ಹೆಚ್ಚು ಹೊತ್ತು ಆರಿತ್ತು. ಎಲ್ಲ ಗೆರೆಗಳನ್ನೂ ಕೂಡಿಸಿ ಆ ಕಲ್ಲಿನ ಚಿತ್ರ ಬರೆದಾಗ, ದಕ್ಷಿಣದ ಕಡೆ ಅದನ್ನು ಮುಚ್ಚಿದ್ದು ನಮ್ಮ "ಆರಲಿಲ್ಲ". ಅಕ್ಕನ "ಆರಿತು" ಹೋಗಿದ್ದರೆ ಆ ಕಲ್ಲಿಗೆ ಇಲ್ಲದ ಹೊಟ್ಟೆಯೊಂದು ಬರುತ್ತಿತ್ತು. ಮೇಷ್ಟ್ರಿಗೂ ಕಾಣದೇ ಹೋಗಿದ್ದರೆ ನಮ್ಮ ವರದಿಗೆ ಇಷ್ಟು ಬೆಲೆ ಬರುತ್ತಿರಲಿಲ್ಲ. ಆದರೂ ಅದನ್ನೇ ಕಳಿಸುತ್ತಿದ್ದೆ.

ಅಂದರೆ ನೆರಳಿನ ಅಂಚು ಮಲ್ಲೇಶ್ವರಕ್ಕೂ ಎನ್.ಆರ್. ಕಾಲೋನಿಗೂ ನಡುವೆ ಎಲ್ಲೋ ಹಾದುಹೋಗಿತ್ತು. ಇದನ್ನು ಮೆಟ್ಟಿಲ ಹತ್ತಿರ ಅಧ್ಯಕ್ಷರಿಗೆ ಹೇಳಿದೆ.

"ನಡುವೆ ಅಂದ್ರೆ? ನಮ್ ಕಾಟನ್‌ಪೇಟೆ ಕಡೆ?"

"ಇರ್ಬಹುದು. ನಿಮ್ಮ ಅಂಗಡಿ ಮೇಲೇ ಬಿದ್ದಿದ್ರೂ ಬಿದ್ದಿರ್ಬಹುದು. ಅಲ್ಲಿ ಯಾರೂ ನೋಡ್ಲಿಲ್ಲವಲ್ಲ, ಹೇಳೋಕಾಗಲ್ಲ."

"ಅಲ್ ಹೆಂಗ್ ಕಾಣತ್ತೆ ಮೇಡಂ, ಅಂಗಡಿ ಮೇಲೆಲ್ಲಾ ಶೀಟೇ ಇದೆ."

"ಅದನ್ನೇ ನಾನು ಹೇಳ್ತಿರೋದು" ಎಂದೆ.

ಅವರು ಜೋರಾಗಿ ನಕ್ಕರು. ಆದರೆ ಪೈಪುಗಳನ್ನು ತೆಗೆಸಲಿಲ್ಲ. "ಇರ್ಲಿ, ಒಂದಲ್ಲಾ ಒಂದಿನ ನೀವೇ ಕರೀತೀರ" ಎಂದರು. ಅಂದಿನಿಂದ ಪ್ರತಿ ಸಭೆಯಲ್ಲೂ ಶೀಟಿನ ಮಾತು ಬರುತ್ತದೆ, ಪ್ರತಿ ಸಭೆಯಲ್ಲೂ ನಾನು ಹಾಕುವುದಿಲ್ಲ ಎನ್ನುತ್ತೇನೆ. ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ಲೇಪನ ಹಾಕಿಸಿದ್ದಾಯಿತು. ಮೊದಲ ಮಳೆ ಬಂದು ಹೋಗಿದೆ. ಬ್ಯಾಂಕಿನವರು ಇನ್ನೂ ನನ್ನ ಬಾಗಿಲು ತಟ್ಟಿಲ್ಲ. ಆದರೆ ಅದು ಸಣ್ಣ ಮಳೆ, ಅದರಿಂದ ಏನನ್ನೂ ಹೇಳಲಾಗದು. ಅಕ್ಕ ಪೈಪಿನ ರಾಶಿಯ ಮೇಲೆ ಹಳೆಯ ಪಂಚೆ ಹಾಸಿ, ಬಿಸಿಲಿರುವಷ್ಟು ದಿನ ಸಂಡಿಗೆ ಒಣಗಿಸಿದಳು. ಕಬ್ಬಿಣ ಕಾಯುವುದರಿಂದ ಬೇಗ ಒಣಗುತ್ತದೆಯಂತೆ. ಆ ಸಂಡಿಗೆಯಲ್ಲಿ ಒಂದು ಡಬ್ಬಿ ಅಧ್ಯಕ್ಷರ ಮನೆಗೂ ಹೋಯಿತು.

ಮುಂದಿನ ನೆರಳಿನ ಲೆಕ್ಕ ಬಂದಿದೆ. ಮಳೆಗಾಲ, ಮೋಡ ಇರುವ ಸಾಧ್ಯತೆಯೇ ಹೆಚ್ಚು. ಆದರೂ ನಾನು ಮೇಲಿರುತ್ತೇನೆ. ನಕ್ಷತ್ರ ಆರಿದರೆ ಆರಿತು ಎಂದು ಬರೆಯುತ್ತೇನೆ. ಆರದಿದ್ದರೆ ಆರಲಿಲ್ಲ ಎಂದು. ಮೋಡ ಮುಚ್ಚಿದರೆ ಮೋಡ ಎಂದು. ಶೀಟಿತ್ತು, ಆದ್ದರಿಂದ ಕಾಣಲಿಲ್ಲ ಎಂದು ಮಾತ್ರ ಈ ತಾರಸಿಯಿಂದ ಬರೆಯುವುದಿಲ್ಲ.